ಐಸಿಯು ರೋಗಿಗೆ ಡೆಲಿರಿಯಂ ಇದೆಯೇ? ಹೀಗೆ ನೋಡಿ

ನಾನು ಐಸಿಯು ನರ್ಸ್. ಡೆಲಿರಿಯಂ ಅಂದರೆ ಕಾಯಿಲೆಯಲ್ಲಿ ದಿಢೀರನೆ ಬರುವ ಮನಸ್ಸಿನ ಗೊಂದಲ. ಕೂಗಾಡಿ ಟ್ಯೂಬ್ ಕೀಳುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಸುಮ್ನೆ ಚಾವಣಿ ನೋಡುತ್ತಾ ಮಲಗಿದವರಿಗೂ ಡೆಲಿರಿಯಂ ಇರಬಹುದು. ನಮ್ಮ ಕಣ್ಣು ತಪ್ಪುವುದು ಇವರೇ ಜಾಸ್ತಿ.

ಮೊದಲು ರಾಸ್ ಅಂಕ, ಅಂದರೆ ರೋಗಿ ಎಷ್ಟು ಎಚ್ಚರ ಅಥವಾ ಮಂಪರಿನಲ್ಲಿದ್ದಾರೆ ಎಂಬ ಅಳತೆ. ಮೈನಸ್ 4 ಅಥವಾ 5 ಇದ್ದರೆ ಈಗ ಬೇಡ, ಎಚ್ಚರವಾದ ಮೇಲೆ ಬನ್ನಿ. ಮೈನಸ್ 3 ಅಥವಾ ಮೇಲಿದ್ದರೆ ಕೈ ಹಿಡಿದು 10 ಇಂಗ್ಲಿಷ್ ಅಕ್ಷರ ಹೇಳಿ. ‘ಎ’ ಕೇಳಿದಾಗ ಮಾತ್ರ ಕೈ ಒತ್ತಬೇಕು. ಓದು ಬಾರದ ಅಜ್ಜಿಗೂ ಆಗುತ್ತದೆ, ಸದ್ದು ಗುರುತಿಸಿದರೆ ಸಾಕಲ್ವಾ? ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ. ಇದು ಕ್ಯಾಮ್-ಐಸಿಯು ಎಂಬ ಡೆಲಿರಿಯಂ ಪರೀಕ್ಷೆಯ ಒಂದು ಭಾಗ, ಉಳಿದದ್ದನ್ನೂ ಮುಗಿಸಿ ಡಾಕ್ಟರಿಗೆ ತಿಳಿಸಿ.

ತಕ್ಷಣ ಮಿಡಜೋಲಾಮ್ (ಮಂಪರು ತರಿಸುವ ಔಷಧಿ) ಕೇಳಬೇಡಿ, ಗೊಂದಲ ಹೆಚ್ಚಬಹುದು. ನೋವಿದೆಯೇ, ಮೂತ್ರ ಕಟ್ಟಿದೆಯೇ, ಆಕ್ಸಿಜನ್ ಇಳಿದಿದೆಯೇ ನೋಡಿ. ಕನ್ನಡಕ, ಕಿವಿ ಮಷೀನ್ ಹಾಕಿ. ರಾತ್ರಿ ದೀಪ ತಗ್ಗಿಸಿ. ‘ಅಮ್ಮಾ, ಇದು ಆಸ್ಪತ್ರೆ, ಇವತ್ತು ಸೋಮವಾರ’ ಅಂತ ಮಗಳು ಆಗಾಗ ಹೇಳಲಿ.