ಎರಡು ಸಲ ಬೇಯುವ ಸಬ್ಬಕ್ಕಿ

ಸಬ್ಬಕ್ಕಿ ಅಂದಮೇಲೆ ನೆನೆಸಲೇಬೇಕು. ಇದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ, ಪುತ್ತೂರಿನ ತವರುಮನೆಯಲ್ಲಿ ಅಮ್ಮನ ಕೈಕೆಲಸ ನೋಡಿ ನೋಡಿ ಬಂದದ್ದು. ಹಾಗಾಗಿ ಫಿಲಿಪೀನ್ಸಿನ ಲೋಸ್ ಬಾನ್ಯೋಸಿನ ಬಾಡಿಗೆ ಮನೆಯಲ್ಲಿ ಮೊದಲ ಬಾರಿ ‘ಸಾಗೋ’ ಪೊಟ್ಟಣ ಬಿಡಿಸಿದಾಗಲೂ ರಾತ್ರಿ ನೀರಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ಕಾಳೇ ಇಲ್ಲ. ತಳದಲ್ಲಿ ಬಿಳಿ ಹಿಟ್ಟಿನ ಗಸಿ, ಮೇಲೆ ಕದಡಿದ ನೀರು.

ನನ್ನ ಗಂಡನಿಗೆ ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. 1960ರಲ್ಲಿ ಶುರುವಾದ ಸಂಸ್ಥೆ ಅದು. ಊರು ಮಕೀಲಿಂಗ್ ಬೆಟ್ಟದ ಬುಡದಲ್ಲಿದೆ. ಬೆಟ್ಟ, ಮಳೆ, ತೆಂಗು, ಬಾಳೆ ನೋಡಿದರೆ ನಮ್ಮ ಕರಾವಳಿಯಲ್ಲೇ ಇದ್ದ ಹಾಗೆ. ಮನೆಯೊಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಅವರನ್ನು ಎಲ್ಲರಂತೆ ‘ನಾನಾಯ್’ ಅನ್ನುತ್ತಿದ್ದೆ, ಅಂದರೆ ಅಮ್ಮ. ಅವರು ನನ್ನನ್ನು ‘ಅನಾಕ್’ ಅನ್ನುತ್ತಿದ್ದರು, ಅಂದರೆ ಮಗು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸನ್ನು ‘ಆತೆ’ ಅನ್ನಬೇಕು, ಅಕ್ಕ ಎಂದರ್ಥ. ಮೊದಲ ತಿಂಗಳೆಲ್ಲ ಅದು ನನ್ನ ಕಿವಿಗೆ ‘ಅತ್ತೆ’ ಎಂದೇ ಬೀಳುತ್ತಿತ್ತು.

ಹಿಟ್ಟಾಗಿ ಹೋದ ಸಾಗೋವನ್ನು ನಾನಾಯ್‌ಗೆ ತೋರಿಸಿದೆ. ಅವರು ಬೈಯಲಿಲ್ಲ. “ಅನಾಕ್, ಇದಕ್ಕೆ ತಣ್ಣೀರು ಆಗದು. ಕುದಿಯುವ ನೀರೇ ಬೇಕು” ಎಂದು ಅಂದು ಸಂಜೆಯೇ ತಮ್ಮ ಒಲೆಯ ಮುಂದೆ ನಿಲ್ಲಿಸಿಕೊಂಡರು.

ನಮ್ಮಲ್ಲಿಗೆ ಸೇಲಂ ಕಡೆಯಿಂದ ಬರುವ ಸಬ್ಬಕ್ಕಿಯೂ ಅಲ್ಲಿನ ಸಾಗೋವೂ ಈಗ ಒಂದೇ ಗೆಡ್ಡೆಯ ಹಿಟ್ಟಿನಿಂದ ಆಗುತ್ತವೆ. ನಾವು ಅದನ್ನು ಮರಗೆಣಸು ಅನ್ನುತ್ತೇವೆ. ಅವರು ‘ಕಮೋತೆಂಗ್ ಕಾಹೋಯ್’ ಅನ್ನುತ್ತಾರೆ. ಕಮೋತೆ ಅಂದರೆ ಗೆಣಸು, ಕಾಹೋಯ್ ಅಂದರೆ ಮರ. ಎಲ್ಲಿಂದಲೋ ಬಂದ ಗೆಡ್ಡೆಗೆ ಎರಡು ನಾಡಿನವರೂ ಅದೇ ಹೆಸರಿಟ್ಟಿದ್ದಾರೆ ಎಂದು ತಿಳಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಹಿಂದೆ ಸಾಗೋ ಎಂದರೆ ನಿಜವಾಗಿ ಸಾಗೋ ತಾಳೆಮರದ ತಿರುಳಿನ ಹಿಟ್ಟು. ಹೆಸರು ಉಳಿಯಿತು, ಹಿಟ್ಟು ಬದಲಾಯಿತು. ನಮ್ಮ ಸಬ್ಬಕ್ಕಿಯನ್ನು ಮಾಡುವಾಗಲೇ ಆವಿಯಲ್ಲೋ ಬಿಸಿ ತಗಡಿನ ಮೇಲೋ ಅರೆ ಬೇಯಿಸಿರುತ್ತಾರೆ. ಮೈ ಗಟ್ಟಿಯಾಗಿರುವುದರಿಂದ ನೆನೆದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ. ನಾನು ತಂದಿದ್ದ ಸಾಗೋ ಬರೀ ಹಿಟ್ಟನ್ನು ಉರುಟು ಮಾಡಿ ಒಣಗಿಸಿದ್ದು. ತಣ್ಣೀರಲ್ಲಿ ಕರಗದೆ ಇನ್ನೇನು ಮಾಡೀತು?

ಬೇಯಿಸುವ ಕ್ರಮವನ್ನು ನಾನಾಯ್ ಕೈಯಲ್ಲಿ ಕಲಿತ ಹಾಗೇ ಬರೆಯುತ್ತೇನೆ. ಒಂದು ಲೋಟ ದಪ್ಪ ಸಾಗೋಗೆ ಹತ್ತು ಲೋಟ ನೀರು. ಇದರಲ್ಲಿ ಜಿಪುಣತನ ಮಾಡಿದರೆ ಕಾಳುಗಳು ತಮ್ಮದೇ ಗಂಜಿಯಲ್ಲಿ ಸಿಕ್ಕಿಬೀಳುತ್ತವೆ. ನೀರು ಕೊತಕೊತ ಕುದಿಯುವಾಗ ಕಾಳನ್ನು ಉದುರಿಸಬೇಕು. ತಳಕ್ಕೆ ಅಂಟದಂತೆ ಮೆಲ್ಲಗೆ ತಿರುವುತ್ತಿದ್ದರೆ ಒಂದೊಂದಾಗಿ ಮೇಲೆ ತೇಲುತ್ತವೆ. ಆಮೇಲೆ ಮಧ್ಯಮ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಆಗ ಒಂದು ಕಾಳು ತೆಗೆದು ಬೆಳಕಿಗೆ ಹಿಡಿದರೆ ಸುತ್ತ ಗಾಜಿನ ಹಾಗೆ, ನಡುವೆ ಬಿಳಿ ಚುಕ್ಕೆ. ಅಮ್ಮ ಸಂಡಿಗೆಯ ಹಿಟ್ಟು ಕಾಯಿಸುವಾಗ ಅದನ್ನೇ ‘ಕಣ್ಣು’ ಅನ್ನುತ್ತಿದ್ದರು. ಕಣ್ಣು ಇದೆಯೆಂದು ಉರಿ ಜೋರು ಮಾಡಬಾರದು. ಒಳಗಿನದು ಬೇಯುವ ಮೊದಲೇ ಹೊರಗಿನದು ಸವೆದು ಹೋಗುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಆ ಬಿಸಿ, ಆ ನೀರು ತಾನಾಗಿ ಒಳಗೆ ಇಳಿಯುತ್ತದೆ. ಅನಂತರ ಸೋಸಿ, ತಣ್ಣೀರಲ್ಲಿ ಲೋಳೆ ತೊಳೆದು, ಹೊಸ ನೀರು ಕುದಿಸಿ ಎರಡನೇ ಸಲ ಇಪ್ಪತ್ತು ನಿಮಿಷ. ಮತ್ತೆ ಮುಚ್ಚಿಡುವುದು. ಕಣ್ಣು ಪೂರ್ತಿ ಮಾಯವಾಗುವ ತನಕ ಹೀಗೇ. ದೊಡ್ಡ ಕಾಳಿಗೆ ಒಟ್ಟು ಎರಡು ಗಂಟೆಯೇ ಹಿಡಿದೀತು, ಆದರೆ ನಾವು ಒಲೆಯ ಬಳಿ ನಿಲ್ಲುವುದು ಅದರಲ್ಲಿ ಅರ್ಧ ಹೊತ್ತೂ ಇಲ್ಲ.

ಬೆಂದದ್ದನ್ನು ಕೂಡಲೇ ಪಾಕಕ್ಕೆ ಹಾಕಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಆ ಪಾಕಕ್ಕೆ ‘ಅರ್ನಿಬಾಲ್’ ಎಂದು ಹೆಸರು. ಕಂದು ಸಕ್ಕರೆಗೆ ಅಷ್ಟೇ ನೀರು, ಜೊತೆಗೆ ಗಂಟು ಕಟ್ಟಿದ ಪಂದಾನ್ ಎಲೆ. ಪಂದಾನ್ ನಮ್ಮ ಕೇದಗೆಯ ಕುಲದ್ದೇ. ಆದರೆ ಇಲ್ಲಿ ಪರಿಮಳ ಇರುವುದು ಎಲೆಯಲ್ಲಿ. ನಾನಾಯ್ ಮೊದಲು ಸಕ್ಕರೆಯನ್ನು ಎರಡೇ ಚಮಚ ನೀರಲ್ಲಿ ಕರಗಿಸಿ, ಸ್ವಲ್ಪ ಕಮರುವ ವಾಸನೆ ಬಂದ ಕ್ಷಣಕ್ಕೆ ಉಳಿದ ನೀರು ಹೊಯ್ಯುತ್ತಿದ್ದರು. ಆ ಒಂದೆಳೆ ಕಹಿ ಇಲ್ಲದ ಅರ್ನಿಬಾಲ್ ಬರೀ ಸಿಹಿನೀರು, ಅದು ನನ್ನ ಖಚಿತ ಅಭಿಪ್ರಾಯ.

ಈ ಎರಡು ಕೈಗೆ ಬಂದರೆ ‘ಸಾಗೋತ್ ಗುಲಮಾನ್’ ಆಯಿತೆಂದೇ ಲೆಕ್ಕ. ಗುಲಮಾನ್ ಅಂದರೆ ಕಡಲಪಾಚಿಯಿಂದ ಮಾಡಿದ್ದು, ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದಲ್ಲ, ಅದೇ. ಜೆಲಾಟಿನ್ ಅಲ್ಲವಾದ್ದರಿಂದ ಸಸ್ಯಾಹಾರಿಯಾದ ನನಗೆ ಯೋಚನೆ ಇರಲಿಲ್ಲ. ಕುದಿಸಿ ತಟ್ಟೆಗೆ ಹೊಯ್ದರೆ ಫ್ರಿಜ್ ಇಲ್ಲದೆಯೇ ಗಟ್ಟಿಯಾಗುತ್ತದೆ. ಚೌಕ ಚೌಕ ಕತ್ತರಿಸಿ, ಸಾಗೋ, ಅರ್ನಿಬಾಲ್, ತಣ್ಣೀರು, ಮಂಜುಗಡ್ಡೆ ಸೇರಿಸಿ ಎತ್ತರದ ಲೋಟಕ್ಕೆ ತುಂಬುವುದು. ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನಲ್ಲಿ ರಸ್ತೆ ಬದಿಯಲ್ಲೆಲ್ಲ ಇದೇ.

ಬೆಳಗಿನದು ಬೇರೆ. “ತಹೋ…ಓ!” ಎಂದು ಎಳೆದ ಕೂಗು ಬೀದಿಯ ತಿರುವಿನಿಂದ ಬರುತ್ತಿತ್ತು. ಹೆಗಲ ಮೇಲೆ ಅಡ್ಡೆ, ಎರಡು ಕಡೆ ಅಲ್ಯೂಮಿನಿಯಂ ಡಬ್ಬ. ಒಂದರಲ್ಲಿ ಹಬೆಯಾಡುವ ಮೆತ್ತನೆಯ ಸೋಯಾ ಗಿಣ್ಣು, ಇನ್ನೊಂದರಲ್ಲಿ ಅರ್ನಿಬಾಲ್ ಮತ್ತು ಸಾಗೋ. ಚಪ್ಪಟೆ ಸೌಟಿನಿಂದ ತೆಳುವಾಗಿ ಕೆತ್ತಿ ಲೋಟಕ್ಕಿಳಿಸಿ, ಮೇಲೆ ಪಾಕ ಸುರಿದು ಕೊಡುತ್ತಾನೆ. ಬಿಸಿಯಾಗಿಯೇ ತಿನ್ನಬೇಕು. ಈಗ ಬೆಂಗಳೂರಲ್ಲಿ ಸಿಲ್ಕನ್ ಟೋಫು ಪೊಟ್ಟಣ ತಂದು ಹತ್ತು ನಿಮಿಷ ಹಬೆಯಲ್ಲಿಟ್ಟು ಮಾಡುತ್ತೇನೆ, ಚೆನ್ನಾಗೇ ಆಗುತ್ತದೆ.

ನನ್ನ ಮನಸ್ಸು ನಿಂತದ್ದು ಮಾತ್ರ ‘ಗಿನತಾನ್ ಬಿಲೋ-ಬಿಲೋ’ದಲ್ಲಿ. ಚಂಡಮಾರುತದ ತಿಂಗಳುಗಳಲ್ಲಿ, ಹೊರಗೆ ಮಳೆ ಹೊಡೆಯುವಾಗ, ಸಂಜೆಯ ತಿಂಡಿಗೆ ನಾನಾಯ್ ಇದನ್ನು ದೊಡ್ಡ ಪಾತ್ರೆಯಲ್ಲಿ ಮಾಡುತ್ತಿದ್ದರು. ದಾರಿಯಲ್ಲಿ ಹೋಗುವವರಿಗೂ “ಕಾಯಿನ್ ತಾಯೋ” ಎಂಬ ಕರೆ, ಬನ್ನಿ ತಿನ್ನೋಣ ಅಂತ. ‘ಗತಾ’ ಎಂದರೆ ಕಾಯಿಹಾಲು. ಅವರು ಕಾಯಿ ತುರಿದು ದಪ್ಪಹಾಲು ಬೇರೆ, ನೀರುಹಾಲು ಬೇರೆ ಹಿಂಡಿದಾಗ ನಾನು ಕೇಳದೆಯೇ ಎರಡನೇ ಪಾತ್ರೆ ಮುಂದೆ ಹಿಡಿದೆ. ಹಲಸಿನ ಹಣ್ಣಿನ ಪಾಯಸ ಮಾಡುವ ಮನೆಯಲ್ಲಿ ಬೆಳೆದವಳಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ನೀರುಹಾಲು ಕುದಿಯಲು ಬಂದಾಗ ಕೆಸುವಿನ ಗೆಡ್ಡೆ, ಗೆಣಸಿನ ಹೋಳು. ಕೆಸು ಪೂರ್ತಿ ಮೆತ್ತಗಾಗಲೇಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಆಮೇಲೆ ಅಂಟು ಅಕ್ಕಿಯ ಹಿಟ್ಟಿನ ಗೋಲಿಯಂಥ ಉಂಡೆಗಳು, ಅವೇ ಬಿಲೋ-ಬಿಲೋ. ಅವು ತೇಲಿದ ಮೇಲೆ ‘ಸಬಾ’ ಬಾಳೆಹಣ್ಣು, ಸೀಳಿದ ಹಲಸಿನ ತೊಳೆ, ಬೆಂದ ಸಾಗೋ, ಸಕ್ಕರೆ, ಚಿಟಿಕೆ ಉಪ್ಪು. ದಪ್ಪಹಾಲು ಕೊನೆಗೆ, ಕುದಿಸದೆ ಬಿಸಿ ಮಾಡಿದರೆ ಸಾಕು. ಇಲ್ಲಿ ನಾನು ಸಬಾ ಬದಲು ನೇಂದ್ರ ಹಾಕುತ್ತೇನೆ, ತೀರಾ ಹಣ್ಣಾದದ್ದು ಬೇಡ. ನಮ್ಮ ಅಂಗಡಿಯ ಸಣ್ಣ ಸಬ್ಬಕ್ಕಿಯೂ ಇದಕ್ಕೆ ಸಾಕು. ಎರಡು ಸಲ ಬೇಯಿಸಬೇಕಿಲ್ಲ, ತೊಳೆದು ನೇರವಾಗಿ ಹಾಕಿದರೆ ಹದಿನೈದು ನಿಮಿಷದಲ್ಲಿ ಬೆಂದು ಹಾಲನ್ನೂ ಗಟ್ಟಿ ಮಾಡುತ್ತದೆ. ಲೋಟದ ಪಾನೀಯಕ್ಕೆ ಮಾತ್ರ ದಪ್ಪ ಕಾಳೇ ಬೇಕು. ಸಣ್ಣದು ನೀರಲ್ಲಿ ಕಳೆದುಹೋಗುತ್ತದೆ, ಹಲ್ಲಿಗೆ ಸಿಗುವುದೇ ಇಲ್ಲ.

ಏಲಕ್ಕಿ ಹಾಕಬೇಡಿ. ಪಾಯಸದ ಹಾಗೆ ಕಾಣುವುದರಿಂದ ಕೈ ಡಬ್ಬಿಯ ಕಡೆಗೆ ಹೋಗುತ್ತದೆ, ನನ್ನದೂ ಹೋಗಿದೆ. ಏಲಕ್ಕಿ ಬಿದ್ದ ಮೇಲೆ ಹಲಸಿನ ಪರಿಮಳವೂ ಇಲ್ಲ, ಕಾಯಿಹಾಲಿನದೂ ಇಲ್ಲ. ತುಪ್ಪ, ಗೋಡಂಬಿಯೂ ಬೇಡ. ಬೆಲ್ಲ ಬೇಕಾದರೆ ಹಾಕಬಹುದು, ನನಗೆ ಅದೇ ಹೆಚ್ಚು ಇಷ್ಟ. ಕರಗಿಸಿ ಸೋಸಿ, ದಪ್ಪಹಾಲಿಗಿಂತ ಮೊದಲೇ ಸೇರಿಸಬೇಕು.

ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಸಾಗೋ ಗಟ್ಟಿಯಾಗಿ, ಒಳಗೆ ಮತ್ತೆ ಬಿಳಿ ಕಾಣುತ್ತದೆ. ಕೆಟ್ಟದ್ದಲ್ಲ, ಬೆಂದ ಹಿಟ್ಟು ತಣಿದರೆ ಬಿಗಿಯುತ್ತದೆ ಅಷ್ಟೇ. ಸ್ವಲ್ಪ ನೀರುಹಾಲು ಸೇರಿಸಿ ಬಿಸಿ ಮಾಡಿದರೆ ಸರಿಹೋಗುತ್ತದೆ. ಅರ್ನಿಬಾಲ್‌ನಲ್ಲಿರುವ ಸಾಗೋವನ್ನು ನಾನು ಹೊರಗೇ ಇಟ್ಟು ಅಂದೇ ಮುಗಿಸುತ್ತೇನೆ.

ಹೋದ ವಾರ ವಿಡಿಯೋ ಕರೆಯಲ್ಲಿ ನಾನಾಯ್‌ಗೆ ನನ್ನ ಲೋಟ ತೋರಿಸಿದೆ. ಆರೋಗ್ಯ, ಮಕ್ಕಳು, ಮಳೆ ಯಾವುದನ್ನೂ ಕೇಳುವ ಮೊದಲು ಅವರು ಕನ್ನಡಕ ಏರಿಸಿಕೊಂಡು, “ಫೋನು ಹತ್ತಿರ ತಾ ಅನಾಕ್, ಕಾಳಿನ ನಡು ಕಾಣಲಿ” ಅಂದರು. ನಾನು ಚಮಚದಲ್ಲಿ ನಾಲ್ಕು ಕಾಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.