ಡೇಟಾಬೇಸ್ ಬ್ಯಾಕಪ್‌ಗೆ ಸರ್ವರ್ ಹೋಸ್ಟ್‌ನೇಮ್ ಸರಿಯಾಗಿ ಸೆಟ್ ಮಾಡೋದು ಹೇಗೆ

ಬ್ಯಾಕಪ್ ಸಾಫ್ಟ್‌ವೇರ್ ಹಾಕುವಾಗ ಶೆಡ್ಯೂಲ್ ಏನಿರ್ಬೇಕು, ಎಷ್ಟು ದಿನದ್ದು ಇಟ್ಕೋಬೇಕು ಅಂತೆಲ್ಲ ತುಂಬಾ ಯೋಚ್ನೆ ಮಾಡ್ತಾರೆ, ಹೋಸ್ಟ್ (ಡೇಟಾಬೇಸ್ ಇರೋ ಮಷೀನ್ ಯಾವ್ದು) ಅನ್ನೋ ಜಾಗ ಬಂದ್ರೆ ಮಾತ್ರ ಕೈಗೆ ಸಿಕ್ಕಿದ ಐಪಿ ಟೈಪ್ ಮಾಡಿ ಮುಂದೆ ಹೋಗ್ಬಿಡ್ತಾರೆ. ಆಮೇಲೆ ಡೇಟಾಬೇಸ್ ಬೇರೆ ಮಷೀನಿಗೆ ಹೋದಾಗ ಬ್ಯಾಕಪ್ ನಿಂತ್ಹೋಗತ್ತೆ. ಅದಾದ್ರೂ ಪರ್ವಾಗಿಲ್ಲ, ಅಲರ್ಟ್ ಬರತ್ತೆ. ಹಳೇ ಮಷೀನ್ ಇನ್ನೂ ಆನ್ ಇದ್ರೆ ಅದ್ರಿಂದಾನೇ ದಿನಾ ಬ್ಯಾಕಪ್ ತಗೋತಾ ಇರತ್ತೆ, ಜಾಬ್ ಎಲ್ಲಾ ಸಕ್ಸಸ್ ಅಂತ ತೋರಿಸ್ತಾ ಇರತ್ತೆ, ರಿಸ್ಟೋರ್ ಮಾಡೋ ದಿನ ಬರೋವರೆಗೂ ಯಾರಿಗೂ ಗೊತ್ತೇ ಆಗಲ್ಲ. ಅದಕ್ಕೇ ಐಪಿ ಬೇಡ, ಹೆಸರು ಕೊಡಿ, ಆ ಹೆಸರು ಎಲ್ಲಾ ಕಡೆಯಿಂದ ನೋಡಿದ್ರೂ ಒಂದೇ ಮಷೀನಿಗೆ ಹೋಗೋ ಹಾಗೆ ಮಾಡಿ. ಇಲ್ಲಿ ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್, ಅದರ ಬ್ಯಾಕಪ್‌ಗೆ ಪಿಜಿಬ್ಯಾಕ್‌ರೆಸ್ಟ್ ಅನ್ನೋ ಟೂಲ್ ಅಂತ ಇಟ್ಕೊಂಡು ಹೇಳ್ತೀನಿ. ಡೇಟಾಬೇಸ್ ಇರೋ ಮಷೀನ್ ಡಿಬಿ1, ಬ್ಯಾಕಪ್ ಇಡೋ ಮಷೀನ್ ಬಿಕೆ1 ಅಂದ್ಕೊಳ್ಳಿ.

ಹೆಸರಿಡುವಾಗ ಇಂಗ್ಲಿಷ್ ಅಕ್ಷರ, ಅಂಕಿ, ಮಧ್ಯೆ ಹೈಫನ್ ಇಷ್ಟೇ ಬಳಸಿ, ಅಂಡರ್‌ಸ್ಕೋರ್ ಹಾಕ್ಬೇಡಿ. ಕೆಲವು ಕಡೆ ನಡೆಯತ್ತೆ, ಆದ್ರೆ ಹೋಸ್ಟ್‌ನೇಮ್ ನಿಯಮದ ಪ್ರಕಾರ ಅದು ತಪ್ಪು, ಯಾವ್ದೋ ಒಂದು ಟೂಲ್ ಒಪ್ಪಲ್ಲ ಅನ್ನತ್ತೆ. ಚುಕ್ಕಿಗಳ ಮಧ್ಯೆ ಇರೋ ಒಂದೊಂದು ಭಾಗ 63 ಅಕ್ಷರ ದಾಟಬಾರ್ದು. ಸ್ಟಾಂಜಾ (ಪಿಜಿಬ್ಯಾಕ್‌ರೆಸ್ಟ್ ಕಾನ್ಫಿಗ್‌ನಲ್ಲಿ ಒಂದು ಡೇಟಾಬೇಸ್‌ಗೆ ಸೇರಿದ ಸೆಟ್ಟಿಂಗ್‌ಗಳ ಗುಂಪು) ಹೆಸರು ಬೇರೆ, ಹೋಸ್ಟ್ ಹೆಸರು ಬೇರೆ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಸ್ಟಾಂಜಾಗೆ ಡಿಬಿ1 ಅಂತ ಇಟ್ರೆ ನಾಳೆ ಡಿಬಿ2 ಅನ್ನೋ ಇನ್ನೊಂದು ಮಷೀನ್ ಪ್ರೈಮರಿ (ಮುಖ್ಯ ಡೇಟಾಬೇಸ್) ಆದಾಗ ಹೆಸರೊಂದು ಮಷೀನೊಂದು ಆಗಿ ಗೊಂದಲ, ಅದಕ್ಕೆ ಆ ಡೇಟಾಬೇಸ್ ಏನು ಕೆಲಸ ಮಾಡತ್ತೋ ಆ ಹೆಸರಿಡಿ, ಬಿಲ್ಲಿಂಗ್, ಆರ್ಡರ್ಸ್ ಈ ಥರ.

ಈಗ ಎರಡೂ ಮಷೀನಲ್ಲಿ ಗೆಟ್‌ಎಂಟ್ ಹೋಸ್ಟ್ಸ್ ಅನ್ನೋ ಕಮಾಂಡ್ ಕೊಟ್ಟು ಎರಡೂ ಹೆಸರಿಗೆ ಯಾವ ಐಪಿ ಬರತ್ತೆ ಅಂತ ಚೆಕ್ ಮಾಡಿ. ಡಿಗ್ ಕಮಾಂಡ್ ಬೇಡ, ಯಾಕಂದ್ರೆ ಡಿಗ್ ನೇರ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳೋ) ಸರ್ವರನ್ನ ಕೇಳತ್ತೆ, ಮಷೀನಲ್ಲೇ ಇಟಿಸಿ ಫೋಲ್ಡರ್ ಒಳಗಿರೋ ಹೋಸ್ಟ್ಸ್ ಫೈಲ್ ನೋಡೋದೇ ಇಲ್ಲ. ಬ್ಯಾಕಪ್ ಸಾಫ್ಟ್‌ವೇರ್‌ಗೆ ಸಿಗೋ ಉತ್ರ ಸಾಮಾನ್ಯವಾಗಿ ಗೆಟ್‌ಎಂಟ್ ಕೊಡೋ ಉತ್ರಾನೇ. ಡೆಬಿಯನ್, ಉಬುಂಟು ಆಗಿದ್ರೆ ಡಿಬಿ1 ಒಳಗೇ ಡಿಬಿ1 ಅಂತ ಕೇಳಿದಾಗ 127.0.1.1 ಬರೋದು ಸಾಮಾನ್ಯ, ಇನ್‌ಸ್ಟಾಲರ್ ಹೋಸ್ಟ್ಸ್ ಫೈಲಲ್ಲಿ ಆ ಲೈನ್ ಹಾಕಿರತ್ತೆ. ಪೋಸ್ಟ್‌ಗ್ರೆಸ್ ಯಾವ ಅಡ್ರೆಸ್ಸಲ್ಲಿ ಕನೆಕ್ಷನ್ ತಗೋಬೇಕು ಅಂತ ಹೇಳೋ ಲಿಸನ್ ಅಡ್ರೆಸಸ್ ಸೆಟ್ಟಿಂಗ್‌ನಲ್ಲಿ ನೀವು ಡಿಬಿ1 ಅಂತ ಹೆಸರು ಕೊಟ್ಟಿದ್ರೆ ಪೋಸ್ಟ್‌ಗ್ರೆಸ್ ಆ ಲೂಪ್‌ಬ್ಯಾಕ್ (ಮಷೀನಿನ ಒಳಗಿಂದ ಮಾತ್ರ ಸಿಗೋ) ಅಡ್ರೆಸ್ಸಲ್ಲಿ ಮಾತ್ರ ಕೂತ್ಕೊಳ್ಳತ್ತೆ, ಹೊರಗಿಂದ 5432 ಪೋರ್ಟ್‌ಗೆ ಬಂದೋರಿಗೆಲ್ಲ ಕನೆಕ್ಷನ್ ರೆಫ್ಯೂಸ್ಡ್, ನೀವು ಫೈರ್‌ವಾಲ್ ಹುಡುಕ್ತಾ ಕೂತಿರ್ತೀರ. ಆ ಲೈನಲ್ಲಿ 127.0.1.1 ತೆಗೆದು ಮಷೀನಿನ ನಿಜವಾದ ಐಪಿ ಹಾಕಿ.

ಕಾನ್ಫಿಗ್ ವಿಷಯಕ್ಕೆ ಬಂದ್ರೆ, ಎರಡು ಮಷೀನಲ್ಲೂ ಅದೇ ಫೈಲ್ ಕಾಪಿ ಮಾಡಿ ಇಡೋರು ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಬಿಕೆ1 ಮೇಲಿರೋ ಫೈಲಲ್ಲಿ ಪಿಜಿ1-ಹೋಸ್ಟ್ ಅಂದ್ರೆ ಡಿಬಿ1. ಡಿಬಿ1 ಮೇಲಿರೋ ಫೈಲಲ್ಲಿ ರೆಪೊ1-ಹೋಸ್ಟ್ (ರೆಪೊ ಅಂದ್ರೆ ಬ್ಯಾಕಪ್ ಇಡೋ ಜಾಗ) ಅಂದ್ರೆ ಬಿಕೆ1. ಪ್ರತಿ ಮಷೀನೂ ಎದುರಿನ ಮಷೀನಿನ ಹೆಸರು ಹೇಳ್ಬೇಕು, ತನ್ನ ಹೆಸರನ್ನ ಅಲ್ಲ. ಡಿಬಿ1 ಒಳಗೆ ಪಿಜಿ1-ಹೋಸ್ಟ್ ಹಾಕಿದ್ರೆ ಅದು ಡೇಟಾಬೇಸ್ ಬೇರೆಲ್ಲೋ ಇದೆ ಅಂದ್ಕೊಂಡು ಆರ್ಕೈವ್ ಪುಷ್ (ವಾಲ್, ಅಂದ್ರೆ ಡೇಟಾಬೇಸಿನ ಬದಲಾವಣೆಗಳ ಲಾಗ್ ಫೈಲ್, ಬ್ಯಾಕಪ್ ಮಷೀನಿಗೆ ಕಳ್ಸೋದು) ಮಾಡೋಕೆ ಒಪ್ಪಲ್ಲ. ಸ್ಟ್ಯಾಂಡ್‌ಬೈ (ಪ್ರೈಮರಿಯ ಕಾಪಿ ಇಟ್ಕೊಂಡಿರೋ ಮಷೀನ್) ಇದ್ರೆ ಬಿಕೆ1 ಕಾನ್ಫಿಗ್‌ನಲ್ಲಿ ಪಿಜಿ2-ಹೋಸ್ಟ್ ಅಂತ ಅದನ್ನೂ ಸೇರಿಸಿ, ಯಾವ್ದು ಪ್ರೈಮರಿ ಅನ್ನೋದನ್ನ ಅದೇ ಕಂಡುಹಿಡ್ಕೊಳ್ಳತ್ತೆ. ಫೇಲೋವರ್ ಆದಾಗ (ಪ್ರೈಮರಿ ಬಿದ್ದು ಸ್ಟ್ಯಾಂಡ್‌ಬೈ ಅದರ ಜಾಗಕ್ಕೆ ಬಂದಾಗ) ಹೊಸ ಪ್ರೈಮರಿ ಕಡೆ ತಿರುಗೋ ಒಂದು ಹೆಸರು ಇಟ್ಕೊಂಡು ಅದನ್ನ ಬ್ಯಾಕಪ್‌ಗೆ ಕೊಡೋದಕ್ಕಿಂತ ಎರಡೂ ಮಷೀನಿನ ಸ್ವಂತ ಹೆಸರು ಕೊಡೋದೇ ನನ್ನ ಪ್ರಕಾರ ಒಳ್ಳೇದು, ಯಾವ ಕ್ಷಣದಲ್ಲಿ ಯಾವ ಮಷೀನ್ ಅನ್ನೋ ಅನುಮಾನಾನೇ ಇರಲ್ಲ.

ಎಸ್‌ಎಸ್‌ಎಚ್ (ಒಂದು ಮಷೀನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ) ಮೂಲಕ ಓಡ್ಸೋದಾದ್ರೆ ಎರಡೂ ದಿಕ್ಕಿಗೂ ದಾರಿ ಬೇಕು. ಬ್ಯಾಕಪ್ ತಗೊಳ್ಳೋಕೆ ಬಿಕೆ1 ಡಿಬಿ1ಗೆ ಹೋಗತ್ತೆ, ವಾಲ್ ಫೈಲ್ ಕಳ್ಸೋಕೆ ಡಿಬಿ1 ಬಿಕೆ1ಗೆ ಹೋಗತ್ತೆ. ನೀವು ನಿಮ್ಮ ಲಾಗಿನ್‌ನಿಂದ ಟೆಸ್ಟ್ ಮಾಡಿ ಓಕೆ ಆಯ್ತು ಅಂದ್ರೆ ಅದಕ್ಕೆ ಬೆಲೆ ಇಲ್ಲ. ಬಿಕೆ1ನಲ್ಲಿ ಪಿಜಿಬ್ಯಾಕ್‌ರೆಸ್ಟ್ ಯೂಸರ್ ಆಗಿ, ಡಿಬಿ1ನಲ್ಲಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ, ಕಾನ್ಫಿಗ್‌ನಲ್ಲಿ ಬರ್ದಿರೋ ಅದೇ ಹೆಸರಿಗೆ ಒಂದ್ಸಲ ಕೈಯಾರೆ ಕನೆಕ್ಟ್ ಆಗಿ, ಹೋಸ್ಟ್ ಕೀ (ಆ ಮಷೀನಿನ ಗುರುತು) ಸರಿ ಇದ್ಯಾ ನೋಡಿ ಯೆಸ್ ಕೊಡಿ. ಚಿಕ್ಕ ಹೆಸರು ಡಿಬಿ1 ಮತ್ತೆ ಪೂರ್ತಿ ಡೊಮೈನ್ ಇರೋ ಹೆಸರು ಎರಡೂ ಎಸ್‌ಎಸ್‌ಎಚ್ ಲೆಕ್ಕದಲ್ಲಿ ಬೇರೆ ಬೇರೆ, ಒಂದಕ್ಕೆ ಯೆಸ್ ಕೊಟ್ಟು ಕಾನ್ಫಿಗ್‌ನಲ್ಲಿ ಇನ್ನೊಂದು ಬರೆದ್ರೆ ರಾತ್ರಿ ಕ್ರಾನ್ (ಟೈಮಿಗೆ ಸರಿಯಾಗಿ ಕೆಲಸ ಓಡ್ಸೋ ಪ್ರೋಗ್ರಾಮ್) ಓಡಿದಾಗ ಯೆಸ್ ಅನ್ನೋಕೆ ಅಲ್ಲಿ ಯಾರೂ ಇರಲ್ಲ, ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್ ಅಂತ ನಿಂತ್ಹೋಗತ್ತೆ. ಪೂರ್ತಿ ಹೆಸರನ್ನೇ ಎಲ್ಲಾ ಕಡೆ ಬಳಸಿ.

ಬ್ಯಾಕಪ್ ಟೂಲ್ ನೆಟ್‌ವರ್ಕ್ ಮೂಲಕ ನೇರ ಡೇಟಾಬೇಸ್‌ಗೇ ಲಾಗಿನ್ ಆಗೋದಾದ್ರೆ, ಬಾರ್ಮನ್ ಥರದ್ದು, ಯಾರನ್ನ ಒಳಗೆ ಬಿಡ್ಬೇಕು ಅಂತ ಹೇಳೋ ಪಿಜಿ ಎಚ್‌ಬಿಎ ಫೈಲ್ ನೋಡ್ಬೇಕು. ಅಲ್ಲಿ ಐಪಿ ಬದ್ಲು ಹೆಸರು ಬರೆದ್ರೆ ಪೋಸ್ಟ್‌ಗ್ರೆಸ್ ಮೊದ್ಲು ಬಂದಿರೋ ಐಪಿಗೆ ರಿವರ್ಸ್ ಲುಕಪ್ ಮಾಡತ್ತೆ, ಅಂದ್ರೆ ಆ ಐಪಿಯ ಹೆಸರು ಕೇಳತ್ತೆ, ಸಿಕ್ಕ ಹೆಸರು ಮ್ಯಾಚ್ ಆದ್ರೆ ಆ ಹೆಸರಿಂದ ಮತ್ತೆ ಐಪಿ ತೆಗ್ದು ಎರಡೂ ಕೂಡತ್ತಾ ನೋಡತ್ತೆ. ಐಪಿಯಿಂದ ಹೆಸರು ಹೇಳೋ ಪಿಟಿಆರ್ ರೆಕಾರ್ಡ್ ಹಾಕೋದು ಮರೆತ್ರೆ ಒಳಗೆ ಬಿಡಲ್ಲ. ಎಸ್‌ಎಸ್‌ಎಲ್ ಮೋಡ್ ವೆರಿಫೈ-ಫುಲ್ ಇದ್ರೆ ಕನೆಕ್ಟ್ ಮಾಡೋ ಹೆಸರು ಸರ್ವರ್ ಸರ್ಟಿಫಿಕೇಟ್‌ನಲ್ಲೂ ಇರ್ಬೇಕು.

ಪೋಸ್ಟ್‌ಗ್ರೆಸ್ ಬದ್ಲು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸೋರಿಗೆ ಎರಡು ವಿಷಯ. ಲಿನಕ್ಸಲ್ಲಿ ಲೋಕಲ್‌ಹೋಸ್ಟ್ ಅಂದ್ರೆ ಅದು ಸಾಕೆಟ್ ಫೈಲ್ ಮೂಲಕ ಹೋಗತ್ತೆ, ಟಿಸಿಪಿ ಬೇಕಂದ್ರೆ 127.0.0.1 ಅಂತ ಬರೀರಿ. ಯೂಸರ್ ಜೊತೆ ಹೋಸ್ಟ್ ಹೆಸರು ಸೇರಿಸಿ ಗ್ರಾಂಟ್ (ಅನುಮತಿ) ಕೊಟ್ಟಿದ್ದು ಕೆಲಸ ಮಾಡ್ತಿಲ್ಲ ಅಂದ್ರೆ ಆಕ್ಸೆಸ್ ಡಿನೈಡ್ ಮೆಸೇಜನ್ನೇ ಗಮನ ಇಟ್ಟು ಓದಿ, ಸರ್ವರ್ ಕಣ್ಣಿಗೆ ನಿಮ್ಮ ಮಷೀನ್ ಯಾವ ಹೆಸರಲ್ಲಿ ಕಾಣ್ತಿದೆ ಅಂತ ಅದ್ರಲ್ಲೇ ಇರತ್ತೆ. ಸ್ಕಿಪ್ ನೇಮ್ ರಿಸಾಲ್ವ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಮಾತ್ರ ಗ್ರಾಂಟಲ್ಲಿ ಹೆಸರು ನಡೆಯಲ್ಲ, ಐಪಿನೇ ಕೊಡ್ಬೇಕು.

ಡಂಪ್ (ಡೇಟಾಬೇಸನ್ನ ಫೈಲ್ ಆಗಿ) ತೆಗ್ದು ರೆಸ್ಟಿಕ್ ಅನ್ನೋ ಬ್ಯಾಕಪ್ ಟೂಲ್‌ಗೆ ಹಾಕೋರು, ಅದೂ ಡಾಕರ್ ಕಂಟೇನರ್ ಒಳಗಿಂದ ಓಡ್ಸೋರು, ಹೋಸ್ಟ್ ಅನ್ನೋ ಆಪ್ಷನ್‌ನಲ್ಲಿ ಒಂದು ಖಾಯಂ ಹೆಸರು ಕೊಡ್ಲೇಬೇಕು. ಇಲ್ದಿದ್ರೆ ಕಂಟೇನರ್ ಐಡಿನೇ ಹೋಸ್ಟ್‌ನೇಮ್ ಆಗತ್ತೆ, ಹೊಸ ಕಂಟೇನರ್ ಎದ್ದಾಗೆಲ್ಲ ರೆಸ್ಟಿಕ್ ಅದನ್ನ ಹೊಸ ಮಷೀನ್ ಅಂದ್ಕೊಳ್ಳತ್ತೆ. ಹಳೇ ಬ್ಯಾಕಪ್ ತೆಗೆಯೋ ಫರ್ಗೆಟ್ ಕಮಾಂಡ್ ಡಿಫಾಲ್ಟ್ ಆಗಿ ಹೋಸ್ಟ್ ಮತ್ತೆ ಪಾತ್ ನೋಡಿ ಗುಂಪು ಮಾಡೋದ್ರಿಂದ ಪ್ರತಿ ಐಡಿಗೂ ಬೇರೆ ಗುಂಪು ಆಗಿ, ಹಳೇದು ಅಳಿಸೋದೇ ಇಲ್ಲ, ಡಿಸ್ಕ್ ತುಂಬ್ತಾ ಹೋಗತ್ತೆ.

ಎಲ್ಲಾ ಆದ್ಮೇಲೆ ಬಿಕೆ1ನಲ್ಲೂ ಡಿಬಿ1ನಲ್ಲೂ ಪಿಜಿಬ್ಯಾಕ್‌ರೆಸ್ಟ್ ಚೆಕ್ ಓಡಿಸಿ, ಅದು ನಿಜವಾಗ್ಲೂ ವಾಲ್ ಸ್ವಿಚ್ ಮಾಡಿ (ಹೊಸ ವಾಲ್ ಫೈಲ್ ಶುರು ಮಾಡಿಸಿ) ಹಿಂದಿನ ಫೈಲ್ ರೆಪೊಗೆ ಬಂತಾ ಅಂತ ನೋಡತ್ತೆ. ಮುಂದೆ ಯಾವತ್ತಾದ್ರೂ ಮಷೀನ್ ಬದಲಾಯಿಸೋದಿದ್ರೆ ಹಿಂದಿನ ದಿನವೇ ಡಿಎನ್‌ಎಸ್ ಟಿಟಿಎಲ್ (ಹಳೇ ಉತ್ರ ಎಷ್ಟು ಹೊತ್ತು ನೆನಪಲ್ಲಿಟ್ಕೋಬೇಕು ಅನ್ನೋ ಸಮಯ) 300 ಸೆಕೆಂಡಿಗೆ ಇಳಿಸಿ, ಬದಲಾಯಿಸಿದ ಮೇಲೆ ಹಳೇ ಮಷೀನಲ್ಲಿ ಡೇಟಾಬೇಸ್ ಸರ್ವಿಸ್ ನಿಲ್ಲಿಸಿ, ಹೋಸ್ಟ್ಸ್ ಫೈಲಲ್ಲಿ ಹಳೇ ಐಪಿ ಉಳ್ದಿದ್ಯಾ ಅಂತ ಎರಡೂ ಕಡೆ ಗೆಟ್‌ಎಂಟ್ ಹಾಕಿ ನೋಡಿ, ಆಮೇಲೆ ಇದೇ ಚೆಕ್ ಇನ್ನೊಂದ್ಸಲ ಓಡಿಸಿ.