ಚಳಿಯೂರಿನ ಹಳೆಯ ಮನೆ: ಅಟ್ಟಕ್ಕೆ ಏನು ಹಾಸಬೇಕು

ಶಿಕಾಗೊ, ಮಿನಿಯಾಪೊಲಿಸ್ ಕಡೆ ಹಳೆಯ ಮನೆ ಕೊಂಡಿದ್ದರೆ, ಶಾಖ ಹೊರಹೋಗದಂತೆ ಅಟ್ಟಕ್ಕೆ ಇನ್ಸುಲೇಷನ್ ಹಾಸುವ ಮೊದಲು ಟಾರ್ಚ್ ಹಿಡಿದು ಅಟ್ಟ ನೋಡಿ. ಬೂದು-ಕಂದು ಬಣ್ಣದ ಹೊಳೆಯುವ ಹರಳು ಹರಡಿದ್ದರೆ ಅದು ವರ್ಮಿಕ್ಯುಲೈಟ್ ಎಂಬ ಖನಿಜದ ಹಳೇ ಇನ್ಸುಲೇಷನ್ ಇರಬಹುದು. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಮಾಲಿನಲ್ಲಿ, ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಬೆರೆತಿತ್ತು. ಮುಟ್ಟಬೇಡಿ, ಗುಡಿಸಬೇಡಿ, ಅದನ್ನು ತೆಗೆಯಲು ಲೈಸೆನ್ಸ್ ಇರುವವರನ್ನೇ ಕರೆಸಿ. ಪಿಂಗಾಣಿ ಗುಂಡಿಗಳ ಮೇಲೆ ಎಳೆದ ಹಳೇ ವೈರಿಂಗ್ ಇದ್ದರೆ, ಎಲೆಕ್ಟ್ರಿಷಿಯನ್ ಬದಲಾಯಿಸುವ ತನಕ ಅದರ ಮೇಲೆ ಏನನ್ನೂ ಹೊದಿಸಬಾರದು.

ಜನವರಿಯ ಬೆಳಿಗ್ಗೆ ಇನ್ನೊಮ್ಮೆ ಹತ್ತಿ. ಮಾಡಿನ ಹಲಗೆಯಿಂದ ಇಣುಕುವ ಮೊಳೆಗಳ ತುದಿಗೆ ಬಿಳಿ ಹಿಮ ಕಟ್ಟಿದೆಯೇ? ಹಾಗಾದರೆ ಕೆಳಗಿನ ಹಬೆ ಮೇಲೇರುತ್ತಿದೆ. ದಿನವೂ ಕುಕ್ಕರ್ ಕೂಗಿಸಿ, ಮನೆಮಂದಿಯೆಲ್ಲ ಬಿಸಿನೀರು ಸುರಿದುಕೊಳ್ಳುವ ನಮ್ಮ ಮನೆಗಳಲ್ಲಿ ಹಬೆ ಹೆಚ್ಚೇ. ಬಿಸಿಲೇರಿದಾಗ ಆ ಹಿಮ ಕರಗಿ ತೊಟ್ಟಿಕ್ಕುತ್ತದೆ, ಹಲಗೆಗೆ ಬೂಷ್ಟು ಬರುತ್ತದೆ. ಎಷ್ಟೇ ದಪ್ಪ ಹಾಸಿದರೂ ಇದು ನಿಲ್ಲದು, ಸಂದುಗಳನ್ನೇ ಮುಚ್ಚಬೇಕು. ವೈರು, ಪೈಪು ಹಾದ ತೂತುಗಳಿಗೆ ಕಾಕ್ (ಸಂದು ತುಂಬುವ ಅಂಟು) ಅಥವಾ ಡಬ್ಬಿ ಫೋಮ್ ಸಾಕು. ಚಿಮಣಿಯ ಸುತ್ತ ಮಾತ್ರ ತಗಡು ಮತ್ತು ಬೆಂಕಿ ತಡೆಯುವ ಕಾಕ್. ಬಚ್ಚಲುಮನೆಯ ಫ್ಯಾನಿನ ಪೈಪು ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ ಮಾಡಿನಿಂದ ಹೊರಗೆ ಹಾಕಿಸಿ. ಸೂರಿನಿಂದ ಗಾಳಿ ಬರುವ ದಾರಿ ಮುಚ್ಚಿಹೋಗದಂತೆ ಪ್ರತಿ ಗಾಳಿಕಂಡಿಯ ಬಳಿ ಬ್ಯಾಫಲ್ (ಗಾಳಿಗೆ ದಾರಿ ಬಿಡುವ ತಡೆಹಾಳೆ) ಹೊಡೆಯಿರಿ.

ಹಾಸಲು ನಮ್ಮ ಸಲಹೆ ಸೆಲ್ಯುಲೋಸ್. ಹಳೇ ಪೇಪರಿನ ಚೂರಿಗೆ ಬೋರೇಟ್ ಬೆರೆಸಿರುವುದರಿಂದ ಬೆಂಕಿಯನ್ನೂ ಹುಳುವನ್ನೂ ತಡೆಯುತ್ತದೆ. ಚೀಲದ ಮೇಲೆ ಬರೀ ಬೋರೇಟ್ ಎಂದಿರಲಿ. ಅಮೋನಿಯಂ ಸಲ್ಫೇಟ್ ಇರುವ ಮಾಲು ಒದ್ದೆಯಾದರೆ ನಾತ ಹೊಡೆಯುತ್ತದೆ, ಲೋಹವನ್ನೂ ತಿನ್ನುತ್ತದೆ. ಕುರಿಯ ಉಣ್ಣೆಯೂ ಒಳ್ಳೆಯದು, ಆದರೆ ಬಲು ದುಬಾರಿ. ಸ್ಪ್ರೇ ಫೋಮ್ ಬೇಡವೆನ್ನುತ್ತೇವೆ: ಎರಡು ರಾಸಾಯನಿಕಗಳನ್ನು ಅಲ್ಲೇ ಬೆರೆಸಿ ಸಿಂಪಡಿಸುವಾಗ ಪ್ರಮಾಣ ತಪ್ಪಿದರೆ ವಾಸನೆ ಮನೆಯಲ್ಲೇ ಉಳಿದುಬಿಡುತ್ತದೆ.

ಶಾಖ ತಡೆಯುವ ಶಕ್ತಿಯನ್ನು ‘ಆರ್’ ಎಂದು ಅಳೆಯುತ್ತಾರೆ; ಸೆಲ್ಯುಲೋಸ್ ಇಂಚಿಗೆ ಸುಮಾರು ಆರ್-3.5 ಕೊಡುತ್ತದೆ. ಆರ್-49ಕ್ಕೆ 14 ಇಂಚು, ಆರ್-60ಕ್ಕೆ 17. ಇದು ಮಾಲು ಕುಸಿದು ಕೂತ ಮೇಲಿನ ದಪ್ಪ. ಯಂತ್ರದಿಂದ ಅದನ್ನು ಅಟ್ಟಕ್ಕೆ ಊದುವಾಗ ಇನ್ನೂ ಎತ್ತರ ಇರಬೇಕು. ಗಾಳಿ ಹೆಚ್ಚು ಬಿಟ್ಟು ಊದಿದರೆ ಕಡಿಮೆ ಮಾಲಿನಲ್ಲೇ ಎತ್ತರ ಕಾಣುತ್ತದೆ. ಹಾಗಾಗಿ ಅಳತೆಪಟ್ಟಿಯೊಂದನ್ನೇ ನಂಬದೆ, ಚೀಲದ ಮೇಲಿನ ಪಟ್ಟಿಯಲ್ಲಿ ನಿಮ್ಮ ಚದರಡಿಗೆ ಎಷ್ಟು ಚೀಲ ಎಂದಿದೆಯೋ ಅಷ್ಟು ಖಾಲಿ ಚೀಲ ಎಣಿಸಿಕೊಂಡೇ ದುಡ್ಡು ಕೊಡಿ.

ಆಮೇಲೆ ಊರಿನ ಅಟ್ಟದಂತೆ ಅದರ ಮೇಲೆ ಸೂಟ್‌ಕೇಸು, ದೊಡ್ಡ ಪಾತ್ರೆ ಪೇರಿಸಬೇಡಿ. ಒತ್ತಿ ಅಪ್ಪಚ್ಚಿಯಾದಷ್ಟೂ ಶಾಖ ತಡೆಯುವ ಶಕ್ತಿ ಹೋಗುತ್ತದೆ. ಜಾಗ ಬೇಕೇಬೇಕೆಂದರೆ ಊದಿಸುವ ಮೊದಲೇ, ಇನ್ಸುಲೇಷನ್‌ಗಿಂತ ಎತ್ತರಕ್ಕೆ ಹಲಗೆಯ ಮಂಚಿಕೆ ಕಟ್ಟಿಸಿಕೊಳ್ಳಿ.